ಆರೋಗ್ಯ ಪ್ರಶ್ನೋತ್ತರ: ಪತ್ರೆಯ ಕಟ್ಟಿನಲ್ಲಿ ಮೂರು ವಿಷ

ಗಣೇಶನ ಹಬ್ಬ ಹತ್ತಿರ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಗಿಡದ ಕೇಸುಗಳು ಬರುತ್ತವೆ. ಮಳೆ ಬಿದ್ದು ಬಾಲ್ಕನಿಯೂ ತುಂಬಿರುತ್ತದೆ, ಪಕ್ಕದ ಖಾಲಿ ಸೈಟೂ ತುಂಬಿರುತ್ತದೆ. ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ವಿಷಯದ್ದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಜನ ಹೆದರುವ ಗಿಡ ಒಂದು, ತೊಂದರೆ ಕೊಡುವ ಗಿಡ ಇನ್ನೊಂದು.

ಪ್ರಶ್ನೆ: ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. ಈ ಗಿಡದ ಎಲೆ ತಿಂದರೆ ಮಗು ಒಂದೇ ನಿಮಿಷದಲ್ಲಿ, ದೊಡ್ಡವರು ಹದಿನೈದು ನಿಮಿಷದಲ್ಲಿ ಸಾಯುತ್ತಾರಂತೆ. ಫೋಟೊದಲ್ಲಿರುವುದು ನಮ್ಮ ಹಾಲ್‌ನಲ್ಲಿರುವ ಗಿಡವೇ, ಹಸಿರೆಲೆಯ ಮೇಲೆ ಬಿಳಿ ಚುಕ್ಕಿ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ. ಯಜಮಾನರ ಆಫೀಸಿನಲ್ಲೂ ಇದನ್ನೇ ಸಾಲಾಗಿ ಇಟ್ಟಿದ್ದಾರೆ. ಎಸೆದುಬಿಡಲೇ? (ಗೃಹಿಣಿ, ವೈಟ್‌ಫೀಲ್ಡ್)

ಉತ್ತರ: ಆ ಮೆಸೇಜಿಗೆ ವಯಸ್ಸಾಗಿದೆ ತಾಯಿ, ಅದು ಸಾಯುವುದಿಲ್ಲ ಅಷ್ಟೇ. ಗಿಡದ ಹೆಸರು ಡೈಫನ್‌ಬೇಕಿಯಾ. ಅದರ ಎಲೆ, ಕಾಂಡದ ಒಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಸೂಜಿಯಂಥವು. ಎಲೆ ಅಗಿದ ಕೂಡಲೇ ಅವು ನಾಲಿಗೆಗೆ, ತುಟಿಗೆ, ಅಂಗುಳಿಗೆ ನಾಟಿಕೊಳ್ಳುತ್ತವೆ. ವಿಪರೀತ ಉರಿ, ಊತ, ಜೊಲ್ಲು. ನಾಲಿಗೆ ದಪ್ಪಗಾಗಿ ಮಾತು ನಿಲ್ಲುವುದರಿಂದಲೇ ಇಂಗ್ಲಿಷಿನಲ್ಲಿ ಇದನ್ನು ‘ಡಂಬ್ ಕೇನ್’ ಅನ್ನುತ್ತಾರೆ.

ನಿಮ್ಮ ಅಡುಗೆಮನೆಗೆ ಈ ವಿಷ ಹೊಸದೇನಲ್ಲ. ಕೆಸು, ಸುವರ್ಣಗೆಡ್ಡೆ ಎರಡೂ ಇದೇ ಮನೆತನದವು. ಪತ್ರೊಡೆಗೆ ಹುಣಸೆಹುಳಿ ಕಡಿಮೆ ಬಿದ್ದರೆ ಗಂಟಲು ಕೆರೆಯುತ್ತದಲ್ಲ, ಅದೇ ಸೂಜಿ. ಸುವರ್ಣಗೆಡ್ಡೆ ಹೆಚ್ಚುವ ಮುಂಚೆ ಅಜ್ಜಿ ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದದ್ದೂ ಇದಕ್ಕೇ. ಮನಿಪ್ಲಾಂಟ್, ಫಿಲೊಡೆಂಡ್ರಾನ್, ಸಿಂಗೋನಿಯಂ, ಪೀಸ್ ಲಿಲಿ, ಈಗ ಎಲ್ಲರ ಮನೆಯಲ್ಲಿರುವ ಜ಼ೀಜ಼ೀ ಗಿಡ ಎಲ್ಲವೂ ಹತ್ತಿರದ ನೆಂಟರು.

ಮಕ್ಕಳು ಇದರಿಂದ ಸಾಯುವುದು ಬಹಳ ಅಪರೂಪ. ಕಾರಣ ಸರಳ: ಮೊದಲ ಕಚ್ಚಿಗೇ ಅಷ್ಟು ಉರಿಯುತ್ತದೆ, ಎರಡನೇ ಕಚ್ಚು ಇರುವುದಿಲ್ಲ. ಬಾಯಲ್ಲಿ ಉಳಿದ ಚೂರನ್ನು ಒದ್ದೆ ಬಟ್ಟೆಯಿಂದ ತೆಗೆದು, ತಣ್ಣನೆಯ ಹಾಲು ಅಥವಾ ಮೊಸರನ್ನು ಸ್ವಲ್ಪ ಸ್ವಲ್ಪ ಕೊಡಿ. ಅಂಬೆಗಾಲಿನ ಕೂಸಿಗಿಂತ ದೊಡ್ಡ ಮಗುವಾದರೆ ಐಸ್‌ಕ್ರೀಮೂ ಆದೀತು. ಇದೊಂದೇ ಸಂದರ್ಭದಲ್ಲಿ ನಾನು ಐಸ್‌ಕ್ರೀಮ್ ಬರೆದುಕೊಡುವುದು. ಆದರೆ ಸ್ವರ ಒಡೆದರೆ, ಎಂಜಲು ನುಂಗಲಾಗದಿದ್ದರೆ, ಉಸಿರೆಳೆಯುವಾಗ ಸದ್ದು ಬಂದರೆ ಗಂಟಲು ಊದುತ್ತಿದೆ ಎಂದರ್ಥ. ಆಗ ಐಸ್‌ಕ್ರೀಮಲ್ಲ, ಆಸ್ಪತ್ರೆ. ರಸ ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ತೋರಿಸಿ.

ಎಸೆಯಬೇಡಿ. ಮಗು ಎರಡು ವರ್ಷ ದಾಟುವವರೆಗೆ ಕೈಗೆಟುಕದ ಕಡೆ ಇಡಿ. ‘ಗಾಳಿ ಶುದ್ಧ ಮಾಡುತ್ತದೆ’ ಎಂದು ಮಲಗುವ ಕೋಣೆಯಲ್ಲಿ ಇಟ್ಟಿದ್ದರೆ ಮಾತ್ರ ಆ ನಂಬಿಕೆಯನ್ನು ಎಸೆಯಬಹುದು. 1989ರ ನಾಸಾ ಅಧ್ಯಯನ ನಡೆದದ್ದು ಗಾಳಿಯಾಡದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಂಥ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ಲೆಕ್ಕ ಹಾಕಿದ ಅಮೆರಿಕದ ಸಂಶೋಧಕರು, ಕಿಟಕಿ ತೆರೆದಷ್ಟು ಪ್ರಯೋಜನ ಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ ಕನಿಷ್ಠ 10 ಗಿಡ ಬೇಕು ಎಂದರು. ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಆಮೇಲೆ ನೀವು ನಿಲ್ಲುವುದು ಎಲ್ಲಿ?

ಪ್ರಶ್ನೆ: ನಮ್ಮ ಪಕ್ಕದ ಫ್ಲಾಟಿನ ಕೇರಳದವರು ‘ಅರಳಿ ವಿಷ, ಅಲ್ಲಿ ದೇವಸ್ಥಾನಗಳಲ್ಲೇ ನಿಲ್ಲಿಸಿದ್ದಾರೆ’ ಎಂದರು. ನಾನು ದಿನಾ ಬೆಳಿಗ್ಗೆ ಹಳೇ ಊರಿನ ಅರಳಿಕಟ್ಟೆ ಸುತ್ತುತ್ತೇನೆ. ಮೊಮ್ಮಗನೂ ಬರುತ್ತಾನೆ, ಎಲೆ ಹರಿದು ಪೀಪಿ ಮಾಡಿ ಊದುತ್ತಾನೆ. ನಿಲ್ಲಿಸಬೇಕೇ? (ನಿವೃತ್ತ ಶಿಕ್ಷಕರು, ವರ್ತೂರು)

ಉತ್ತರ: ಸುತ್ತಿ ಮೇಷ್ಟ್ರೇ, ಪೀಪಿಯೂ ಊದಲಿ. ಇದು ಎರಡು ಭಾಷೆಗಳ ನಡುವಿನ ಎಡವಟ್ಟು. ಮಲಯಾಳದ ಅರಳಿ ನಮ್ಮ ಅಶ್ವತ್ಥವಲ್ಲ, ನಮ್ಮ ಕಣಗಿಲೆ. 2024ರ ಏಪ್ರಿಲಿನಲ್ಲಿ ಅಲ್ಲಿ ಯುವತಿಯೊಬ್ಬರ ಸಾವಿಗೆ ಕಣಗಿಲೆಯ ಹೂವೋ ಎಲೆಯೋ ಬಾಯಿಗೆ ಹೋದದ್ದು ಕಾರಣವೆಂಬ ಶಂಕೆ ಬಂತು. ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದದಲ್ಲಿ ಆ ಹೂವು ಬೇಡವೆಂದವು. ಕಾಸರಗೋಡಿನ ಕನ್ನಡಿಗರು ನಡೆದುಕೊಳ್ಳುವ ಎಷ್ಟೋ ದೇವಸ್ಥಾನಗಳು ಮಲಬಾರ್ ಮಂಡಳಿಗೇ ಸೇರಿದವು.

ನಮ್ಮಲ್ಲಿ ಗೊಂದಲ ಇನ್ನೂ ದೊಡ್ಡದು, ಏಕೆಂದರೆ ಕನ್ನಡದಲ್ಲಿ ಕಣಗಿಲೆಗಳು ನಾಲ್ಕು. ಹೈವೇ ನಡುವಿನ ಪಟ್ಟಿಯಲ್ಲಿ, ಟೆಕ್‌ಪಾರ್ಕ್ ಕಾಂಪೌಂಡಿನ ಉದ್ದಕ್ಕೂ ಗುಲಾಬಿ, ಬಿಳಿ ಗೊಂಚಲು ಬಿಡುವುದು ನಿಜವಾದ ಕಣಗಿಲೆ. ಸಂಸ್ಕೃತದಲ್ಲಿ ಕರವೀರ. ಹೊಗೆ, ಧೂಳು, ಬಿಸಿಲು ಯಾವುದಕ್ಕೂ ಬಗ್ಗುವುದಿಲ್ಲ, ದನ ಮುಟ್ಟುವುದಿಲ್ಲ. ಅದಕ್ಕೇ ರಸ್ತೆಯವರಿಗೆ ಪ್ರೀತಿ. ದನ ಯಾಕೆ ಮುಟ್ಟುವುದಿಲ್ಲ ಎಂದು ಮಾತ್ರ ಯಾರೂ ಕೇಳಲಿಲ್ಲ. ಹಳದಿ ಗಂಟೆಯಂಥ ಹೂ ಬಿಡುವ ಹಳದಿ ಕಣಗಿಲೆ ಎರಡನೆಯದು, ಅದರ ಬೀಜ ಇನ್ನೂ ಕೆಟ್ಟದ್ದು. ಇವೆರಡರಲ್ಲೂ ಡಿಜಾಕ್ಸಿನ್ ಎಂಬ ಹೃದಯದ ಔಷಧಿಯಂತೆ ಕೆಲಸ ಮಾಡುವ ವಸ್ತುಗಳಿವೆ. ಮೊದಲು ವಾಂತಿ, ಹೊಟ್ಟೆನೋವು, ಆಮೇಲೆ ನಾಡಿ ನಿಧಾನವಾಗಿ ತಾಳ ತಪ್ಪುತ್ತದೆ. ಒಣಗಿಸಿದರೂ ಕುದಿಸಿದರೂ ವಿಷ ಹೋಗುವುದಿಲ್ಲ. ‘ವಾಂತಿ ನಿಂತಿತು, ಮನೆಗೆ ಹೋಗಿ’ ಎಂದು ಯಾವ ವೈದ್ಯನೂ ಹೇಳಬಾರದ ವಿಷ ಇದು. ಇಸಿಜಿ ನೋಡುತ್ತಾ ಇಡೀ ದಿನವಾದರೂ ಕಾಯಬೇಕು.

ಮೂರನೆಯದು ದೇವಕಣಗಿಲೆ, ಕೆಂಡಸಂಪಿಗೆಯೆಂದು ಕೆಲವರು ತಪ್ಪಾಗಿ ಕರೆಯುವ ಪ್ಲುಮೇರಿಯಾ. ಹಾಲು ತಾಗಿದರೆ ತುರಿಕೆ, ಅಷ್ಟೆ. ನಾಲ್ಕನೆಯ ಕಾಶಿಕಣಗಿಲೆಯ ಕಥೆ ಮುಂದಿನ ಪತ್ರದಲ್ಲಿದೆ. ಬಾಲ್ಕನಿಯವರು ಬೋನ್ಸಾಯ್ ಮಾಡಿ ಮುದ್ದಿಸುವ ಅಡೀನಿಯಂ ಹೆಸರಿನಲ್ಲಿ ಕಣಗಿಲೆಯಲ್ಲ, ಗುಣದಲ್ಲಿ ಪಕ್ಕಾ ಕಣಗಿಲೆ.

ಇನ್ನು ಹಬ್ಬ. ಗಣೇಶನಿಗೆ ಏರಿಸುವ ಇಪ್ಪತ್ತೊಂದು ಪತ್ರೆಗಳ ಪಟ್ಟಿಯಲ್ಲಿ ಕರವೀರವಿದೆ, ದತ್ತೂರವಿದೆ, ಅರ್ಕ ಅಂದರೆ ಎಕ್ಕವಿದೆ. ನಿಮ್ಮ ಅಶ್ವತ್ಥವೂ ಅದೇ ಪಟ್ಟಿಯಲ್ಲಿದೆ, ಪಾಪ. ದೇವರಿಗೆ ಏರಿಸಲು ನನ್ನ ತಕರಾರಿಲ್ಲ, ಮುಟ್ಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಕಣಗಿಲೆ ಎಸಳು ತೇಲುವ ತೀರ್ಥವನ್ನು ನಾನಂತೂ ತಲೆಗೆ ಸವರಿಕೊಳ್ಳುತ್ತೇನೆ, ಕುಡಿಯುವುದಿಲ್ಲ. ತೀರ್ಥಕ್ಕೆ ತುಳಸಿ ಸಾಕು. ಪೂಜೆ ಮುಗಿದ ಮೇಲೆ ಪತ್ರೆಯನ್ನು ಹಸುವಿನ ಮುಂದೆ ಸುರಿಯುವ ಅಭ್ಯಾಸ ಮಾತ್ರ ದಯವಿಟ್ಟು ಬಿಡಿ.

ಪ್ರಶ್ನೆ: ಶುಗರ್ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಶಿಕಣಗಿಲೆಯ ನಾಲ್ಕು ಎಲೆ ಅಗಿಯುತ್ತೇನೆ. ಜೊತೆಗೆ ಟೆರೇಸಿನಲ್ಲಿ ನಾವೇ ಬೆಳೆದ ಸೋರೆಕಾಯಿ, ಹಾಗಲಕಾಯಿ ಜ್ಯೂಸ್. ಎಲ್ಲಾ ಆರ್ಗ್ಯಾನಿಕ್. ಮಾತ್ರೆ ಬಿಡಬಹುದೇ? (ಸಾಫ್ಟ್‌ವೇರ್ ಉದ್ಯೋಗಿ, ಎಲೆಕ್ಟ್ರಾನಿಕ್ ಸಿಟಿ)

ಉತ್ತರ: ಮಾತ್ರೆ ಇರಲಿ, ಎಲೆ ಬಿಡಿ. ಈ ನಿತ್ಯಪುಷ್ಪದ ಎಲೆ ಶುಗರ್ ಇಳಿಸುತ್ತದೆಂಬ ನಂಬಿಕೆ ಜಮೈಕಾದಲ್ಲೂ ಇತ್ತು. 1950ರ ದಶಕದಲ್ಲಿ ಕೆನಡಾದ ಸಂಶೋಧಕರು ಅಲ್ಲಿಂದ ಎಲೆ ತರಿಸಿ ಪ್ರಾಣಿಗಳ ಮೇಲೆ ಪ್ರಯೋಗಿಸಿದರು. ಶುಗರ್ ಅಲುಗಲಿಲ್ಲ, ಬಿಳಿ ರಕ್ತಕಣಗಳು ಕುಸಿದವು. ಬಿಳಿ ಕಣ ಬೀಳಿಸುವುದು ರಕ್ತದ ಕ್ಯಾನ್ಸರಿಗೆ ಮದ್ದಾದೀತಲ್ಲ ಎಂದು ಯೋಚಿಸಿದ್ದರಿಂದ ವಿನ್‌ಬ್ಲಾಸ್ಟಿನ್ ಬಂತು, ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ಕೂಡ ಬಂತು. ಇವತ್ತು ಮಕ್ಕಳ ರಕ್ತಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧಿಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು. ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತಪರೀಕ್ಷೆ ಮಾಡಿಸುತ್ತಾ ಕೊಡುತ್ತಾರೆ. ನೀವು ಅದರ ತಾಯಿಗಿಡವನ್ನು ಅಂದಾಜಿನಲ್ಲಿ ಅಗಿಯುತ್ತಿದ್ದೀರಿ.

ಜ್ಯೂಸಿನ ಬಗ್ಗೆ ನನಗೆ ಇನ್ನೂ ಹೆಚ್ಚು ಆತಂಕ. ಸೋರೆಕಾಯಿ ಒಮ್ಮೊಮ್ಮೆ ಕಹಿಯಾಗುತ್ತದೆ, ಮನೆಯಲ್ಲಿ ಬೆಳೆದದ್ದೂ ಆಗಬಹುದು. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಕುಡಿದ ಸ್ವಲ್ಪ ಹೊತ್ತಿಗೇ ಹೊಟ್ಟೆ ಹಿಂಡಿದಂತಾಗಿ ರಕ್ತವಾಂತಿಯವರೆಗೆ ಹೋಗಬಹುದು, ರಕ್ತದೊತ್ತಡ ಕುಸಿಯಬಹುದು. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಇಂಥ ರಸ ಕುಡಿದು ತೀರಿಕೊಂಡ ಮೇಲೆ ಐಸಿಎಂಆರ್ ತಜ್ಞರ ಸಮಿತಿಯನ್ನೇ ಕೂರಿಸಿತು. ಅವರ ಸಲಹೆ ನಮ್ಮ ಹಳ್ಳಿ ಹೆಂಗಸರು ಸೋರೆಕಾಯಿ ಹೆಚ್ಚುವಾಗ ಮಾಡುವುದೇ: ತುದಿಯ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿಯಾದರೆ ಎಸೆಯಿರಿ. ನೀವು ಹಾಗಲಕಾಯಿ ಬೆರೆಸಿ ಆ ಒಂದು ಕಾವಲುಗಾರನನ್ನೂ ಮಲಗಿಸಿದ್ದೀರಿ. ದೆಹಲಿಯವರೂ ಹಾಗಲದ ರಸ ಬೆರೆಸಿಯೇ ಕುಡಿದಿದ್ದರು. ಆರ್ಗ್ಯಾನಿಕ್ ಅಂದಿರಿ. ಕಣಗಿಲೆಯೂ ಆರ್ಗ್ಯಾನಿಕ್ಕೇ.

ಪ್ರಶ್ನೆ: ನಾಯಿ, ಬೆಕ್ಕು ಸಾಕಿದವರು ಯಾವ ಗಿಡ ಇಡಬಾರದು? (ಹೆಸರು ಬೇಡ, ಕಾಡುಗೋಡಿ)

ಉತ್ತರ: ನಾನು ಮನುಷ್ಯರ ಡಾಕ್ಟರು. ಆದರೂ ಎರಡು ನೆನಪಿಡಿ. ನಾಯಿಗೆ ಸೈಕಸ್, ಗೇಟಿನ ಎರಡೂ ಬದಿಯಲ್ಲಿ ಗಿಡ್ಡ ತಾಳೆಯಂತೆ ನಿಂತಿರುತ್ತದಲ್ಲ, ಅದು ಪಿತ್ತಜನಕಾಂಗವನ್ನೇ ತಿನ್ನುತ್ತದೆ. ಬೆಕ್ಕಿಗೆ ಬೊಕೆಯಲ್ಲಿ ಬರುವ ಲಿಲಿ ಹೂವು. ಅದರ ಪರಾಗ ನೆಕ್ಕಿದರೂ ಮೂತ್ರಪಿಂಡ ಕೈಕೊಡಬಹುದು.

ಪ್ರಶ್ನೆ: ಫ್ಯಾಕ್ಟರಿ ಹಿಂದಿನ ಖಾಲಿ ಜಾಗದಲ್ಲಿ ಆಡುತ್ತಿದ್ದ ಮಕ್ಕಳು ಯಾವುದೋ ಬೀಜ ಒಡೆದು ‘ಕಡಲೆಬೀಜದ ಥರ ಇದೆ’ ಎಂದು ತಿಂದಿದ್ದವು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದೆವು, ರಾತ್ರಿ ಸುಸ್ತಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಚೆನ್ನಾಗಿದ್ದಾರೆ. ನಾವು ಮಾಡಿದ್ದು ಸರಿಯೇ? (ಗಾರ್ಮೆಂಟ್ಸ್ ನೌಕರೆ, ಪೀಣ್ಯ)

ಉತ್ತರ: ಆಸ್ಪತ್ರೆಗೆ ಹೋದದ್ದು ಸರಿ, ಉಪ್ಪುನೀರು ತಪ್ಪು. ಅದರಿಂದ ಮಕ್ಕಳ ರಕ್ತದಲ್ಲಿ ಸೋಡಿಯಂ ಏರಿ ಬೇರೆಯೇ ಅನಾಹುತವಾಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಹೋಗಬಹುದು. ಸೋಪಿನ ನೀರೂ ಬೇಡ, ಗಂಟಲಿಗೆ ಬೆರಳೂ ಬೇಡ.

ನೀವು ಹೇಳಿದ ರುಚಿ ಕಾಡುಹರಳಿನದು, ಜಟ್ರೋಫಾ. ಬೇಲಿಗೆ ನೆಡುತ್ತಾರೆ. ಬೀಜ ನಿಜಕ್ಕೂ ರುಚಿಯಾಗಿರುತ್ತದೆ, ಅದೇ ತೊಂದರೆ. ಒಬ್ಬ ತಿಂದರೆ ಗುಂಪೇ ತಿನ್ನುತ್ತದೆ. ಒಂದೆರಡು ಗಂಟೆಯಲ್ಲಿ ವಾಂತಿ, ಭೇದಿ ಶುರು. ಹೆಚ್ಚಿನ ಮಕ್ಕಳು ಡ್ರಿಪ್ ಹಾಕಿದರೆ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ.

ಅದರ ಪಕ್ಕದಲ್ಲೇ ಬೆಳೆಯುವ ಹರಳು, ಅಂದರೆ ಔಡಲ, ಅಷ್ಟು ಸಲೀಸಲ್ಲ. ಬೀಜದಲ್ಲಿ ರೈಸಿನ್ ಇದೆ. ಎಣ್ಣೆ ತೆಗೆದಾಗ ಅದು ಹಿಂಡಿಯಲ್ಲೇ ಉಳಿಯುವುದರಿಂದ ಹರಳೆಣ್ಣೆಗೆ ದೋಷವಿಲ್ಲ. ಇಡೀ ಬೀಜ ನುಂಗಿದರೆ ಸಿಪ್ಪೆ ಗಟ್ಟಿಯಾದ್ದರಿಂದ ಹಾಗೇ ಹೊರಬರಬಹುದು, ಅಗಿದರೆ ಅಪಾಯ. ಗುಲಗಂಜಿಯದೂ ಇದೇ ಲೆಕ್ಕ. ಅಕ್ಕಸಾಲಿ ತಕ್ಕಡಿಯಲ್ಲಿ ನಿರಪಾಯ, ತೂತು ಕೊರೆದು ಸರ ಮಾಡಿದರೆ ಅಲ್ಲ.

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಪ್ರಾಕ್ಟೀಸ್ ಶುರುಮಾಡಿದ ಹೊಸತರಲ್ಲಿ ಆರು ವರ್ಷದ ಹುಡುಗನನ್ನು ಮಧ್ಯಾಹ್ನ ಕರೆತಂದರು, ‘ಮೂರು ಹರಳುಬೀಜ ಅಗಿದಿದ್ದಾನೆ’ ಎಂದು. ನಗುನಗುತ್ತಾ ಸ್ಟೂಲ್ ತಿರುಗಿಸುತ್ತಿದ್ದ. ಒಂದು ಗಂಟೆ ನೋಡಿ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ತಂದೆ ಹೆಗಲ ಮೇಲೆ ಹೊತ್ತು ತಂದರು. ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತಿತ್ತು. ಹುಡುಗ ಉಳಿದ. ಹರಳಿನ ವಿಷ ಗಂಟೆಗಟ್ಟಲೆ ತಡಮಾಡಿ ಮುಖ ತೋರಿಸುತ್ತದೆ ಎಂದು ನಾನು ಓದಿದ್ದೆ, ಆ ಸ್ಟೂಲು ತಿರುಗುವುದನ್ನು ನೋಡಿ ಮರೆತಿದ್ದೆ.

ಮುಂದೆ ಹೀಗಾದರೆ ಬಾಯಿ ತೊಳೆಸಿ, ಉಳಿದ ಬೀಜವನ್ನೂ ಗಿಡದ ಒಂದು ರೆಂಬೆಯನ್ನೂ ಕವರಿಗೆ ಹಾಕಿಕೊಂಡು ಹೊರಡಿ. ಎಲೆಯ ಫೋಟೊ ಒಂದೇ ಸಾಲದು. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, 1800 116 117, ಹಗಲು ರಾತ್ರಿ ಉಚಿತ ಕರೆ. ಈ ನಂಬರನ್ನು ಫ್ಯಾಕ್ಟರಿಯ ಶಿಶುಪಾಲನಾ ಕೇಂದ್ರದ ಗೋಡೆಗೂ ಅಂಟಿಸಿ.

ಪ್ರಶ್ನೆ: ಅತ್ತೆ ಸೈಟಿನಲ್ಲಿ ಬೆರಕೆಸೊಪ್ಪು ಕಿತ್ತು ತಂದು ಸಾರು ಮಾಡಿದ್ದರು. ಸಂಜೆಗೆ ಅವರೂ ಮಾವನೂ ಏನೇನೋ ಬಡಬಡಿಸತೊಡಗಿದರು. ಗಾಳಿಯಲ್ಲಿ ದಾರ ಎಳೆದಂತೆ ಕೈಯಾಡಿಸುತ್ತಿದ್ದರು. ಮೈಮೇಲೆ ಏನೋ ಬಂದಿದೆ ಎಂದರು ನೆರೆಯವರು. (ಓದುಗ, ಆನೇಕಲ್ ರಸ್ತೆ)

ಉತ್ತರ: ಬಂದದ್ದು ಉಮ್ಮತ್ತಿ. ಎಳೆಯ ದತ್ತೂರದ ಎಲೆ ಸೊಪ್ಪಿನ ನಡುವೆ ಸೇರಿರಬೇಕು. ಮೈ ಬಿಸಿ, ಬೆವರಿಲ್ಲ, ಬಾಯಿ ಒಣಗಿ ಮರಳು, ಕಣ್ಣಪಾಪೆ ಅಗಲ, ಮೂತ್ರ ಕಟ್ಟುತ್ತದೆ, ಇಲ್ಲದ್ದು ಕಾಣುತ್ತದೆ. ಆ ಎಲೆಯಲ್ಲಿರುವ ಅಟ್ರೊಪಿನ್ ಮಾಡುವ ಕೆಲಸ ಇದು. ಸಂಸ್ಕೃತದವರು ಗಿಡಕ್ಕೆ ‘ಉನ್ಮತ್ತ’ ಎಂದೇ ಹೆಸರಿಟ್ಟರು, ರೋಗಲಕ್ಷಣವೇ ಹೆಸರು. ಬೇವಿನಸೊಪ್ಪಿನಲ್ಲಿ ಹೊಡೆಸುವುದಲ್ಲ, ಕೂಡಲೇ ಆಸ್ಪತ್ರೆ. ಬೆರಕೆಸೊಪ್ಪು ಕೀಳುವ ಜ್ಞಾನ ದೊಡ್ಡದು, ಅತ್ತೆಯದು ಸುಳ್ಳಲ್ಲ. ಆದರೆ ಎಪ್ಪತ್ತರ ಕಣ್ಣಿಗೆ ಪೊರೆ ಬಂದಿದೆಯೇ ನೋಡಿಸಿ.

ಪ್ರಶ್ನೆ: ಹಬ್ಬಕ್ಕೆ ಎಕ್ಕದ ಹೂವು ಕೀಳುವಾಗ ಹಾಲು ಕಣ್ಣಿಗೆ ಸಿಡಿಯಿತು. ಆಗ ನೀರು ಚಿಮುಕಿಸಿಕೊಂಡೆ. ಇವತ್ತು ಎರಡನೇ ದಿನ, ಮಂಜು ಕವಿದಂತಿದೆ, ಆದರೆ ನೋವು ಸ್ವಲ್ಪವೂ ಇಲ್ಲ. ಕಾಯಬಹುದಲ್ಲವೇ? (ಸೆಕ್ಯೂರಿಟಿ ಸಿಬ್ಬಂದಿ, ಬೊಮ್ಮಸಂದ್ರ)

ಉತ್ತರ: ನೋವಿಲ್ಲ ಅನ್ನುವುದೇ ಎಕ್ಕದ ಮೋಸ. ಅದರ ಹಾಲು ಕಣ್ಣನ್ನು ಮರಗಟ್ಟಿಸುತ್ತಲೇ ಕಾರ್ನಿಯಾದ ಒಳಪದರದವರೆಗೂ ಇಳಿದು ಊದಿಸುತ್ತದೆ. ಬೇಗ ಸರಿಯಾದ ಹನಿ ಬಿದ್ದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಹಾಲು ಸಿಡಿದ ಕೂಡಲೇ ಮಾಡಬೇಕಾದದ್ದು ಚಿಮುಕಿಸುವುದಲ್ಲ, ರೆಪ್ಪೆ ಬಿಡಿಸಿ ಹಿಡಿದು ಹದಿನೈದು ಇಪ್ಪತ್ತು ನಿಮಿಷ ನಲ್ಲಿಯ ಸಣ್ಣ ಧಾರೆಯಡಿ ತೊಳೆಯುವುದು. ಪತ್ರದ ಕೆಳಗೆ ಇವರು ನಂಬರ್ ಬರೆದಿದ್ದರು. ಅಂಕಣ ಅಚ್ಚಾಗುವವರೆಗೆ ಕಾಯುವ ಹಾಗಿರಲಿಲ್ಲ, ಅದೇ ಸಂಜೆ ಫೋನ್ ಮಾಡಿದೆ. ‘ನೈಟ್ ಶಿಫ್ಟ್ ಮುಗಿಸಿ ನಾಳೆ ಮಿಂಟೋ ಆಸ್ಪತ್ರೆಗೆ ಹೋಗ್ತೀನಿ ಸಾರ್’ ಎಂದರು. ಶಿಫ್ಟಿಗೆ ಬೇರೆಯವರನ್ನು ಹಾಕಿಸಿ ಈಗಲೇ ಬಸ್ ಹತ್ತಿ ಎಂದೆ.