‘ಪುಷರ್’: ಕಥೆ ಒಂದೇ, ಬೆಳಕು ಬೇರೆ

ರಿಮೇಕ್ ಅಂದ ಕೂಡಲೇ ನಾವು ಕೇಳೋ ಮೊದಲ ಪ್ರಶ್ನೆ, ‘ಒರಿಜಿನಲ್ ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ?’ ಈ ಪ್ರಶ್ನೆಯಿಂದ ಹಾಸ್ಟೆಲ್‌ನಲ್ಲಿ ಜಗಳ ಆಗತ್ತೆ ಅಷ್ಟೆ. ಅದರ ಬದಲು ಲ್ಯಾಬಿನಲ್ಲಿ ಮಾಡುವ ಹಾಗೆ ಮಾಡೋಣ. ಕಥೆಯನ್ನು ಸ್ಥಿರವಾಗಿಟ್ಟರೆ ಬದಲಾಗಿದ್ದು ಏನು, ಅದರ ಪರಿಣಾಮ ಏನು? ಈ ಪ್ರಯೋಗಕ್ಕೆ ‘ಪುಷರ್’ ಹೇಳಿ ಮಾಡಿಸಿದ ಸಿನಿಮಾ.

ಮೂಲ ಚಿತ್ರ 1996ರದ್ದು. ಭಾಷೆ ಡ್ಯಾನಿಶ್, ಊರು ಕೋಪನ್‌ಹೇಗನ್. ನಿರ್ದೇಶಕ ನಿಕೊಲಾಸ್ ವಿಂಡಿಂಗ್ ರೆಫ್ನ್. ಇದು ಅವರ ಮೊದಲ ಚಿತ್ರ. ಮುಂದೆ 2011ರಲ್ಲಿ ‘ಡ್ರೈವ್’ ಚಿತ್ರಕ್ಕೆ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಪಡೆದವರು ಇವರೇ. 2012ರಲ್ಲಿ ಲೂಯಿಸ್ ಪ್ರಿಯೆಟೊ ಅದೇ ಕಥೆಯನ್ನು ಲಂಡನ್ನಿಗೆ ತಂದರು. ಫ್ರಾಂಕ್ ಪಾತ್ರದಲ್ಲಿ ರಿಚರ್ಡ್ ಕಾಯ್ಲ್, ಸಂಗೀತ ಆರ್ಬಿಟಲ್ ಜೋಡಿಯದು.

ಮೊದಲು ಲೆಕ್ಕ

ಫ್ರಾಂಕ್ ಒಬ್ಬ ಸಣ್ಣ ಡ್ರಗ್ ಡೀಲರ್. ದೊಡ್ಡ ವ್ಯಾಪಾರಿ ಮಿಲೋಗೆ ಆಗಲೇ ಸಾಲಗಾರ. ಆದರೂ ಒಂದು ದೊಡ್ಡ ಡೀಲ್ ಸಿಕ್ಕಿತು ಅಂತ ಇನ್ನಷ್ಟು ಮಾಲನ್ನು ಸಾಲದ ಮೇಲೇ ತರುತ್ತಾನೆ. ಪೊಲೀಸರು ಬರುತ್ತಾರೆ, ಓಡುವಾಗ ಮಾಲು ನೀರುಪಾಲಾಗುತ್ತದೆ. ಸಾಕ್ಷಿಯಿಲ್ಲದೆ ಪೊಲೀಸರು ಅವನನ್ನು ಬಿಡುತ್ತಾರೆ. ಆದರೆ ಮಿಲೋ ಬಿಡೋದಿಲ್ಲ. ಒಂದು ವಾರದೊಳಗೆ ಎಲ್ಲ ಮುಗಿಯುತ್ತದೆ.

ಇಲ್ಲಿ ಗಮನಿಸಬೇಕಾದ್ದು ಡ್ರಗ್ಸ್ ಅಲ್ಲ, ಸಾಲ. ಮಾಮೂಲಿ ವ್ಯಾಪಾರದಲ್ಲಿ ಸರಕು ಹಾಳಾದರೆ ಇನ್ಶೂರೆನ್ಸ್ ಇದೆ, ಕೋರ್ಟ್ ಇದೆ, ಕೊನೆಗೆ ದಿವಾಳಿ ಅಂತ ಕೈ ಎತ್ತುವ ದಾರಿಯೂ ಇದೆ. ಕಾನೂನಿನ ಹೊರಗಿನ ಮಾರುಕಟ್ಟೆಯಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಅಡಮಾನ ಅಂದರೆ ನಂಬಿಕೆ, ವಸೂಲಿ ಅಂದರೆ ಹೊಡೆತ. ಹಾಗಾಗಿ ಮಿಲೋ ಫ್ರಾಂಕನ್ನು ಹಿಂಡುತ್ತಾನೆ, ಫ್ರಾಂಕ್ ತನಗೆ ಬಾಕಿ ಇರುವವರನ್ನು ಹಿಂಡುತ್ತಾನೆ. ಒತ್ತಡ ಯಾವಾಗಲೂ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ. ಗೆಳೆಯ ಟೋನಿ ಬಾಯಿಬಿಟ್ಟ ಅನ್ನೋ ಅನುಮಾನ ಬಂದಾಗ ಆ ಗೆಳೆತನವೂ ಉಳಿಯೋದಿಲ್ಲ.

ಆಮೇಲೆ ಬೆಳಕು

ಡ್ಯಾನಿಶ್ ಚಿತ್ರದ ಕ್ಯಾಮೆರಾ ಕೈಯಲ್ಲೇ ಇರುತ್ತದೆ, ಫ್ರಾಂಕ್ ಹಿಂದೆ ಓಡುತ್ತದೆ. ಮಂಕು ಬೆಳಕು, ಕೊಳಕು ಗೋಡೆ. ಇವನ ಬದುಕಿನಲ್ಲಿ ಆಸೆಪಡುವಂಥದ್ದು ಏನೂ ಇಲ್ಲ ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಗತ್ತೆ. ಲಂಡನ್ ಚಿತ್ರದಲ್ಲಿ ಹಾಗಲ್ಲ: ನಿಯಾನ್ ಬಣ್ಣ, ಕ್ಲಬ್ಬು, ಎದೆಗೆ ಬಡಿಯುವ ಬೀಟ್.

ಈ ಮೆರುಗು ಬರೀ ಶೋಕಿಯಾ? ಅರ್ಧ ಅಲ್ಲ, ಅರ್ಧ ಹೌದು. ಮೊದಲ ಭಾಗದಲ್ಲಿ ಅದಕ್ಕೊಂದು ಕೆಲಸವಿದೆ. ಫ್ರಾಂಕ್ ತನ್ನ ಬದುಕನ್ನು ನೋಡಿಕೊಳ್ಳೋದೇ ಹಾಗೆ. ನಮಗೂ ಅದು ಮಜಾ ಅನ್ನಿಸಬೇಕು, ಆಮೇಲೆ ಆ ಮಜಾ ಬಗ್ಗೆ ನಾಚಿಕೆ ಆಗಬೇಕು. ತೊಂದರೆ ಆಮೇಲಿನದು. ಸಾಲ ಕುತ್ತಿಗೆಗೆ ಬಂದಾಗಲೂ ಚಿತ್ರದ ಬೆಳಕು ಸುಂದರವಾಗೇ ಉಳಿಯುತ್ತದೆ. ಅವನ ಭಯ ನಮಗೆ ಗಾಜಿನ ಆಚೆಯಿಂದ ಕಾಣುತ್ತದೆ. ಅಲ್ಲಿ ಚಿತ್ರವನ್ನು ಉಳಿಸುವುದು ದಿನದಿಂದ ದಿನಕ್ಕೆ ಇಳಿದುಹೋಗುವ ಕಾಯ್ಲ್ ಮುಖ.

ಇನ್ನೊಂದು ವಿಶೇಷ: ಎರಡೂ ಚಿತ್ರಗಳಲ್ಲಿ ಮಿಲೋ ಆಗಿರುವವರು ಒಬ್ಬರೇ, ಝ್ಲಾಟ್ಕೊ ಬುರಿಚ್. ನಮ್ಮ ಪ್ರಯೋಗದ ‘ಕಂಟ್ರೋಲ್’ ಇವರೇ. ಸ್ನೇಹಿತನ ಹಾಗೆ ನಗುತ್ತಾ ಮಾತಾಡುವ ಮಿಲೋ ಬೆದರಿಸುವಾಗಲೂ ಹೆಚ್ಚುಕಮ್ಮಿ ಅದೇ ದನಿಯಲ್ಲಿ ಮಾತಾಡುತ್ತಾನೆ. ಊರು, ಭಾಷೆ, ಬಣ್ಣ ಎಲ್ಲ ಬದಲಾದರೂ ಆ ನಗು ಹುಟ್ಟಿಸುವ ಭಯ ಬದಲಾಗಿಲ್ಲ. ಸ್ಟೈಲ್ ಮುಟ್ಟದ ಜಾಗ ಅದು.

ನೀವೇ ಮಾಡಿ ನೋಡಿ

ಹಿಂಸೆ ಜಾಸ್ತಿ ಇದೆ, ಗಟ್ಟಿ ಮನಸ್ಸು ಬೇಕು. ಎರಡರಲ್ಲೂ ಫ್ರಾಂಕ್ ಮೊದಲ ಸಲ ಮಿಲೋ ಮುಂದೆ ಕೂರುವ ದೃಶ್ಯ ಹಾಕಿ. ಒಮ್ಮೆ ಸೌಂಡ್ ಇಟ್ಟು, ಒಮ್ಮೆ ಮ್ಯೂಟ್ ಮಾಡಿ ನೋಡಿ. ಆಮೇಲೆ ಪೇಪರಿನಲ್ಲಿ ಫ್ರಾಂಕ್ ಯಾರಿಗೆ ಕೊಡಬೇಕು, ಅವನಿಗೆ ಯಾರು ಕೊಡಬೇಕು ಅಂತ ಬಾಣ ಹಾಕಿ ಬರೆಯಿರಿ. ಪ್ರೇಯಸಿ ಫ್ಲೋಗೂ ಒಂದು ಬಾಣ ಹಾಕಿ; ಅವಳಿಗೆ ಅವನು ಕೊಡಬೇಕಾದ್ದು ದುಡ್ಡಲ್ಲ, ಆದ್ದರಿಂದಲೇ ಅವನು ಅದನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ. ಕೊನೆಯ ದೃಶ್ಯ ಅರ್ಥವಾಗೋದು ಆ ಬಾಣದಿಂದಲೇ.

ಡ್ರಗ್ಸ್ ಕೆಟ್ಟದ್ದು ಅಂತ ಎರಡೂ ಚಿತ್ರಗಳು ಒಮ್ಮೆಯೂ ಭಾಷಣ ಮಾಡೋದಿಲ್ಲ. ಲೆಕ್ಕ ಮಾತ್ರ ತೋರಿಸುತ್ತವೆ. ಆ ಲೆಕ್ಕದಲ್ಲಿ ನಿಯಾನ್ ಬೆಳಕಿಗೆ ಯಾವ ಬೆಲೆಯೂ ಇಲ್ಲ.