ಬಿಸಿಲು ಎತ್ತುವ ನೀರು

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನಲ್ಲಿ ಚಂದಗುಳಿ ಎಂಬುದೊಂದು ಊರು. ಹರಕೆ ಸಂದ ಭಕ್ತರು ತಂದು ಕಟ್ಟಿದ ಗಂಟೆಗಳ ರಾಶಿಯಿಂದಾಗಿ ಅಲ್ಲಿಯ ಗಣಪತಿಗೆ ಗಂಟೆ ಗಣಪತಿಯೆಂದೇ ಹೆಸರು. ದೂರದವರು ಈ ಊರನ್ನು ಬಲ್ಲುದು ಗಂಟೆಗಳಿಂದ. ಊರವರು ಬದುಕುವುದು ಅಡಿಕೆಯಿಂದ. ಸುತ್ತಲೂ ಕಾಡು, ಕಾಡಿನ ನಡುವೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಪಸೆಯಾರದ ಕಿರಿದಾದ ಕಣಿವೆ, ಆ ಕಣಿವೆಯಲ್ಲಿ ಸಾಲುಗಟ್ಟಿ ನಿಂತ ಅಡಿಕೆ ಮರಗಳು: ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಮೇಲೆಲ್ಲ ಕಾಣುವ ನೋಟ ಇದು.

ಇಂತಹ ನಾಡಿನಲ್ಲಿಯೂ ನೀರಿಗೆ ತತ್ವಾರವುಂಟೆಂದರೆ ಬಯಲುಸೀಮೆಯವರು ನಕ್ಕಾರು. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ ಇಲ್ಲಿ ಸುರಿಯುತ್ತದೆ, ನಿಜ. ಆದರೆ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ ಸುರಿದು, ಹಳ್ಳ ಹಿಡಿದು, ಕಾಳಿಯನ್ನೋ ಬೇಡ್ತಿಯನ್ನೋ ಕೂಡಿ ಕಡಲ ಪಾಲಾಗುತ್ತದೆ. ಅಡಿಕೆ ಮರ ನೀರು ಬೇಡುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಳೆ ಕೊಡುವ ಕಾಲ ಒಂದು, ಮರ ಕೇಳುವ ಕಾಲ ಇನ್ನೊಂದು.

ಹಿಂದಿನವರು ನೀರನ್ನು ಎತ್ತುತ್ತಿದ್ದುದಕ್ಕಿಂತ ಇಳಿಸುತ್ತಿದ್ದುದೇ ಹೆಚ್ಚು. ಮೇಲಿನ ಹಳ್ಳಕ್ಕೆ ಮಣ್ಣು ಕಲ್ಲುಗಳ ಒಡ್ಡು ಕಟ್ಟಿ ಕಾಲುವೆಯಲ್ಲಿ ತೋಟಕ್ಕೆ ಹರಿಸುವುದು, ಒರತೆಯ ನೀರನ್ನು ಸೀಳಿದ ಅಡಿಕೆ ದಬ್ಬೆಗಳ ಮೇಲೆ ಅಂಗಳಕ್ಕೆ ತರುವುದು ಅವರ ಕ್ರಮ. ಒರತೆಗಳು ಬೇಗ ಬತ್ತತೊಡಗಿ ತೋಟಗಳು ಮೇಲುಮೇಲಕ್ಕೆ ಹಬ್ಬಿದಾಗ ಡೀಸೆಲ್ ಯಂತ್ರ ಬಂದಿತು. ಅದರ ಬೆನ್ನಿಗೇ ವಿದ್ಯುತ್ ಪಂಪು ಬಂದಿತು. 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯ ಸರ್ಕಾರ ವಿದ್ಯುತ್ತನ್ನು ಉಚಿತವಾಗಿ ಕೊಟ್ಟಿತು. ಆದರೆ ಪುಕ್ಕಟೆಯಾದ ಮಾತ್ರಕ್ಕೆ ವಿದ್ಯುತ್ತು ಬಂದೇ ತೀರುವುದೆಂದೇನೂ ಇಲ್ಲ. ಕಾಡಿನ ನಡುವೆ ಹಾದುಬರುವ ತಂತಿಯ ಮೇಲೆ ಒಂದು ಕೊಂಬೆ ಮುರಿದುಬಿದ್ದರೆ ತೋಟದ ಪಂಪು ಕತ್ತಲಲ್ಲಿ ಕೂರುತ್ತದೆ. ಕಾಳಿಯ ನೀರಿನಿಂದ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ವಿದ್ಯುತ್ತು ತಯಾರಾಗುವ, ಕೈಗಾದ ಅಣುಸ್ಥಾವರವಿರುವ ಜಿಲ್ಲೆಯ ಕಥೆಯಿದು ಎಂಬುದನ್ನು ಮರೆಯಲಾಗದು.

ಈ ತೊಡಕಿಗೆ ಸೂರ್ಯನ ಬೆಳಕೇ ಒಂದು ಪರಿಹಾರ. ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಬೆಕೆರೆಲ್ 1839ರಲ್ಲಿಯೇ ಕಂಡಿದ್ದನು. ಅಮೆರಿಕದ ಬೆಲ್ ಪ್ರಯೋಗಾಲಯದವರು 1954ರಲ್ಲಿ ಸಿಲಿಕಾನಿನಿಂದ ಬಳಕೆಗೆ ಯೋಗ್ಯವಾದ ಸೌರಕೋಶವನ್ನು ಮಾಡಿದರು. ಅಂತಹ ಕೋಶಗಳ ಫಲಕಗಳಿಂದ ಹೊರಟ ವಿದ್ಯುತ್ತು ನಿಯಂತ್ರಕವೊಂದನ್ನು ಹಾದು ಮೋಟಾರನ್ನು ತಿರುಗಿಸುತ್ತದೆ. ಇಲ್ಲಿ ಬ್ಯಾಟರಿಯ ಅಗತ್ಯವಿಲ್ಲ. ಬಿಸಿಲಿದ್ದಾಗ ನೀರನ್ನು ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿಟ್ಟರೆ ಅದು ಬೇಕೆಂದಾಗ ತಾನಾಗಿ ಕೆಳಗಿಳಿಯುತ್ತದೆ. ಶಕ್ತಿಯನ್ನು ಕೂಡಿಡುವ ಕೆಲಸವನ್ನು ತೊಟ್ಟಿಯೇ ಮಾಡುತ್ತದೆ. ಬಿಸಿಲು ಬಲಿತ ತಿಂಗಳುಗಳಲ್ಲಿಯೇ ಅಡಿಕೆಗೆ ನೀರು ಬೇಕಾಗುವುದರಿಂದ ಮಲೆನಾಡಿಗೆ ಈ ಪಂಪು ಹೇಳಿಮಾಡಿಸಿದಂತಿದೆ. ಅಡ್ಡಿಯಿರುವುದು ನೆರಳಿನದು. ಸೊಪ್ಪಿನ ಬೆಟ್ಟದ ಮರಗಳನ್ನು ಫಲಕಕ್ಕಾಗಿ ಕಡಿಯುವಂತಿಲ್ಲ. ಮನೆಯ ಹತ್ತಿರ ಬಿಸಿಲು ನೇರವಾಗಿ ಬೀಳುವ ಒಂದೇ ಜಾಗವೆಂದರೆ ಅಡಿಕೆ ಒಣಗಿಸುವ ಅಂಗಳ!

ಸೌರಪಂಪಿನ ಬೆಲೆ ಸಾಮಾನ್ಯ ರೈತನ ಕೈಗೆ ಎಟುಕುವಂಥದಲ್ಲ. ಆದುದರಿಂದ ಕೇಂದ್ರ ಸರ್ಕಾರವು 2019ರಲ್ಲಿ 'ಪಿಎಂ ಕುಸುಮ್' ಯೋಜನೆಯನ್ನು ಆರಂಭಿಸಿತು. ಪಂಪಿನ ಬೆಲೆಯಲ್ಲಿ ಕೇಂದ್ರದ್ದು ನೂರಕ್ಕೆ 30, ರಾಜ್ಯದ್ದು 30, ರೈತನದು 40 ಪಾಲೆಂಬುದು ಮೊದಲಿನ ಕಟ್ಟಳೆ. ಕರ್ನಾಟಕವು 2023ರಲ್ಲಿ ತನ್ನ ಪಾಲನ್ನು 50ಕ್ಕೆ ಏರಿಸಿದ್ದರಿಂದ ರೈತನಿಗೆ ಉಳಿದದ್ದು 20 ಮಾತ್ರ. ಮೂರು ಲಕ್ಷ ರೂಪಾಯಿಯ ಪಂಪೆಂದುಕೊಂಡರೆ ಅವನು ಕೊಡಬೇಕಾದದ್ದು ಅರುವತ್ತು ಸಾವಿರ. ವಿದ್ಯುತ್ ಜಾಲದಿಂದ 500 ಮೀಟರಿಗಿಂತ ದೂರವಿರುವ ಪಂಪುಗಳಿಗೆ ತಂತಿಯೆಳೆಯುವ ಬದಲು ಸೌರಪಂಪನ್ನೇ ಒದಗಿಸುವ ನೀತಿಯನ್ನೂ ರಾಜ್ಯವು ಕೈಗೊಂಡಿತು. ಸರ್ಕಾರದ ಈ ಔದಾರ್ಯದ ಹಿಂದೆ ಲೆಕ್ಕಾಚಾರವಿಲ್ಲದಿಲ್ಲ. ಉಚಿತ ವಿದ್ಯುತ್ತಿನ ಹಣವನ್ನು ವಿದ್ಯುತ್ ಕಂಪನಿಗಳಿಗೆ ವರ್ಷವರ್ಷವೂ ಕಟ್ಟಿಕೊಡುವುದು ಸರ್ಕಾರವೇ; ಸೌರಪಂಪಿಗಾದರೋ ಒಮ್ಮೆ ಕೊಟ್ಟರೆ ಮುಗಿಯಿತು.

ಎಷ್ಟು ದೊಡ್ಡ ಪಂಪು ಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳಿಕೊಳ್ಳುವುದಿಲ್ಲ. ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಮರಗಳಿವೆಯೆನ್ನೋಣ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ ಹತ್ತು ಸಾವಿರ ಲೀಟರ್ ಆಯಿತು. ಒಂದು ಅಶ್ವಶಕ್ತಿಯು ಒಂದು ಸೆಕೆಂಡಿನಲ್ಲಿ 75 ಲೀಟರ್ ನೀರನ್ನು ಒಂದು ಮೀಟರ್ ಎತ್ತರಕ್ಕೆ, ಎಂದರೆ ಎರಡೂವರೆ ಲೀಟರನ್ನು 30 ಮೀಟರ್ ಎತ್ತರಕ್ಕೆ ಏರಿಸಬಲ್ಲುದು. ಈ ಲೆಕ್ಕದಲ್ಲಿ ಹತ್ತು ಸಾವಿರ ಲೀಟರಿಗೆ ಹಿಡಿಯುವ ಕಾಲ 4,000 ಸೆಕೆಂಡು. ಕೊಳವೆಯ ಘರ್ಷಣೆ ಮುಂತಾದುವುಗಳಲ್ಲಿ ಅರ್ಧ ಶಕ್ತಿ ಪೋಲಾದರೂ ಎರಡೂಕಾಲು ಗಂಟೆಯೊಳಗೆ ಎಕರೆ ತೋಟದ ಕೆಲಸ ಮುಗಿಯುತ್ತದೆ. ಹೀಗಿರುವಾಗ ಎಕರೆ ಎರಡೆಕರೆಯವನೂ ದೊಡ್ಡ ಪಂಪಿಗೆ ಆಸೆಪಡುವುದೇಕೆ? ಸಹಾಯಧನವು ಬೆಲೆಯ ಶೇಕಡಾವಾರಿನಲ್ಲಿರುವುದರಿಂದ, ಕೇಂದ್ರವು ನೆರವು ನೀಡುವ 7.5 ಅಶ್ವಶಕ್ತಿಯ ಮಿತಿಯವರೆಗೆ, ಪಂಪು ದೊಡ್ಡದಾದಷ್ಟೂ ಸರ್ಕಾರದಿಂದ ಬರುವ ಹಣವೂ ದೊಡ್ಡದಾಗುತ್ತದೆ.

ಸಹಾಯಧನವು ನೀರೆತ್ತುವ ಖರ್ಚನ್ನು ಇಳಿಸೀತು. ಹಳ್ಳಕ್ಕೆ ಒಂದು ಹನಿಯನ್ನೂ ಅದು ಸೇರಿಸಲಾರದು. ಡೀಸೆಲ್ ಯಂತ್ರದವನು ಎಣ್ಣೆಯ ಬೆಲೆಗೆ ಅಂಜಿ ಯಂತ್ರವನ್ನು ನಿಲ್ಲಿಸುತ್ತಿದ್ದನು. ವಿದ್ಯುತ್ ಪಂಪನ್ನು ತಂತಿಯೇ ಆಗಾಗ ನಿಲ್ಲಿಸುತ್ತಿತ್ತು. ಬಿಸಿಲಿಗೆ ಬೆಲೆಯೂ ಇಲ್ಲ, ಮೀಟರೂ ಇಲ್ಲ. ಹೊರದೇಶದ ಉದಾಹರಣೆ ಬೇಕೆಂದರೆ ಯೆಮನ್ ದೇಶವನ್ನು ನೋಡಬಹುದು. 2015ರಲ್ಲಿ ಯುದ್ಧ ಉಲ್ಬಣಿಸಿ ಡೀಸೆಲ್ ದೊರೆಯದಾದಾಗ ಅಲ್ಲಿಯ ರೈತರು ಸೌರಪಂಪುಗಳಿಗೆ ಮೊರೆಹೊಕ್ಕರು. ಬೆಳೆ ಉಳಿಯಿತು, ಆದರೆ ಮೊದಲೇ ಕುಸಿಯುತ್ತಿದ್ದ ಅಂತರ್ಜಲದ ಮೇಲೆ ಭಾರ ಇನ್ನೂ ಹೆಚ್ಚಿತು.

ಇದಕ್ಕೆ ನಮ್ಮಲ್ಲಿಯೇ ಒಂದು ಉಪಾಯ ಹೊಳೆದಿತ್ತು. ಉಳಿದ ವಿದ್ಯುತ್ತನ್ನು ರೈತನಿಂದಲೇ ಕೊಂಡರೆ ಅವನು ನೀರನ್ನು ಸುಮ್ಮನೆ ಎತ್ತಲಾರನೆಂಬ ಎಣಿಕೆಯಿಂದ ಕರ್ನಾಟಕವು 2014ರಲ್ಲಿ 'ಸೂರ್ಯ ರೈತ' ಯೋಜನೆಯನ್ನು ರೂಪಿಸಿ, ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಡೆ ಮುನ್ನೂರಕ್ಕೂ ಮಿಕ್ಕ ಪಂಪುಗಳನ್ನು ಆರಿಸಿತು. ಗುಜರಾತಿನ ಢುಂಡಿ ಗ್ರಾಮದ ಆರು ಮಂದಿ ರೈತರು 2016ರಲ್ಲಿ ಸೌರಪಂಪಿನ ಸಹಕಾರ ಸಂಘವನ್ನೇ ಕಟ್ಟಿ, ನೀರೆತ್ತಿ ಉಳಿದ ವಿದ್ಯುತ್ತನ್ನು ಮಾರತೊಡಗಿದರು. ಆದರೆ ತಂತಿ ತಲುಪದ ಕಾಡಂಚಿನ ತೋಟದವನು ಮಾರುವುದಾದರೂ ಯಾರಿಗೆ? ಅವನ ಪಾಲಿಗೆ ದೊರಕುವುದು ಬಹೂಪಯೋಗಿ ನಿಯಂತ್ರಕ. ತೊಟ್ಟಿ ತುಂಬಿದ ಮೇಲೆ ಅದೇ ಫಲಕಗಳಿಂದ ಮೇವು ಕತ್ತರಿಸುವ ಯಂತ್ರವನ್ನೋ ಹಿಟ್ಟಿನ ಗಿರಣಿಯನ್ನೋ ಅದು ನಡೆಸಬಲ್ಲುದು.

ಇನ್ನು ಹಳ್ಳದ ಮಾತು. ಮಾರ್ಚ್ ತಿಂಗಳಲ್ಲಿ ಅದು ಗುಂಡಿಯಿಂದ ಗುಂಡಿಗೆ ತೊಟ್ಟಿಕ್ಕುವಷ್ಟು ಸೊರಗಿರುತ್ತದೆ. ಮೇಲಿನ ತೋಟದವನು ಮೂರು ಗಂಟೆಗೆ ಪಂಪು ನಿಲ್ಲಿಸಿದರೆ, ರಾತ್ರಿ ಕಳೆಯುವುದರೊಳಗೆ ಕೆಳಗಿನ ತೋಟದ ಗುಂಡಿಯೂ ಮತ್ತೆ ತುಂಬಿಕೊಳ್ಳುತ್ತದೆ. ಪಂಪನ್ನು ಎಷ್ಟು ಹೊತ್ತು ನಡೆಸಬೇಕೆಂಬುದು ಸಹಾಯಧನದ ಅರ್ಜಿಯ ಯಾವ ಅಂಕಣದಲ್ಲಿಯೂ ಬರುವ ಮಾತಲ್ಲ. ಅದನ್ನು ಒಂದೇ ಹಳ್ಳದ ಮೇಲಿನ ತೋಟಗಳವರು ತಾವೇ ಕೂಡಿ ಕುಳಿತು ಗೊತ್ತುಮಾಡಿಕೊಳ್ಳಬೇಕು.