ಕುದುರೆಯಿಂದ ಯಂತ್ರಕ್ಕೆ

ಬಾದಾಮಿಯ ಚಾಲುಕ್ಯರ ಕಾಲದಿಂದಲೂ ಕನ್ನಡ ನಾಡಿನ ಸೈನ್ಯಗಳಲ್ಲಿ ಕುದುರೆಗೆ ಹಿರಿಯ ಸ್ಥಾನವಿತ್ತು. ಈ ಪರಂಪರೆ ಇಪ್ಪತ್ತನೆಯ ಶತಮಾನದಲ್ಲಿಯೂ ಬೆಳಗಿತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಭರ್ಜಿ ಹಿಡಿದು, ಮೆಷಿನ್‌ಗನ್ನುಗಳ ಗುಂಡಿನ ಮಳೆಯನ್ನು ಲೆಕ್ಕಿಸದೆ, ಇಂದಿನ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ತುರ್ಕರಿಂದ ಗೆದ್ದುಕೊಂಡರು.

ಆದರೆ ಯುದ್ಧದ ರೀತಿಯೇ ಬದಲಾಗುತ್ತಿತ್ತು. ಟ್ಯಾಂಕಿನ ಉಕ್ಕಿನೆದುರು ಕುದುರೆ ನಿಲ್ಲಲಾರದಾಯಿತು. 1938ರಲ್ಲಿ ಸಿಂಧ್ ಹಾರ್ಸ್ ದಳವು ಭಾರತೀಯ ಸೇನೆಯಲ್ಲಿ ಮೊದಲಿಗೆ ಕುದುರೆಗಳನ್ನು ಒಪ್ಪಿಸಿ ಯಂತ್ರವಾಹನಗಳನ್ನು ಏರಿತು. ಬಹುತೇಕ ಅಶ್ವದಳಗಳು ಅದೇ ದಾರಿ ಹಿಡಿದವು. ಮೈಸೂರಿನ ಸವಾರರಾದರೋ 1953ರಲ್ಲಿ ರಚಿತವಾದ, ಮುಂದೆ 61ನೆಯ ಅಶ್ವದಳವೆನಿಸಿದ ಕುದುರೆಪಡೆಯಲ್ಲಿ ವಿಲೀನರಾದರು.

ಯಂತ್ರಕ್ಕೆ ದಣಿವಿಲ್ಲ, ಗಾಯದ ನೋವಿಲ್ಲ. ಆದರೆ ಸವಾರನ ದನಿ ಕೇಳಿ ಕಿವಿ ನಿಮಿರಿಸುವುದನ್ನು ಅದು ಅರಿಯದು. ಗೆದ್ದವರ ಹೆಸರಿನೊಡನೆ ಆ ಮೂಕ ಸಂಗಾತಿಯ ಋಣವನ್ನೂ ನೆನೆಯಬೇಕು.